ಅಕ್ಷರಕ್ಕೂ ಒಂದು ಹೊಟ್ಟೆ

ಪೆನ್ಶನ್ ಆದ ಮೇಲೆ ಮನುಷ್ಯನಿಗೆ ಇಷ್ಟವಾಗುವ ವಸ್ತುಗಳ ಪಟ್ಟಿಯೇ ಬದಲಾಗುತ್ತದೆ. ಮೆತ್ತಗಿನ ಅನ್ನ, ಕೈಯಾಸರೆ ಇರುವ ಮೆಟ್ಟಿಲು, ಬೆನ್ನು ಇರುವ ಬೆಂಚು. ನನ್ನ ಪಟ್ಟಿಗೆ ಈಚೆಗೆ ಇನ್ನೊಂದು ಸೇರಿದೆ: ದಪ್ಪ ಅಕ್ಷರ. ಸೇರಿಸಿದವರು ಕಾಸರಗೋಡಿನ ಒಬ್ಬ ಕಣ್ಣಿನ ಡಾಕ್ಟರು.

ಕತ್ತಲೆ ಕೋಣೆ. ಎದುರಿನ ಗೋಡೆಯಲ್ಲಿ ಬೆಳಕಿನ ಪೆಟ್ಟಿಗೆ. ಮೇಲಿನ ಸಾಲಿನಲ್ಲಿ ಒಂದೇ ಒಂದು ಇಂಗ್ಲಿಷ್ ಅಕ್ಷರ, ತರವಾಡಿನ ಯಜಮಾನನ ಹಾಗೆ ಕೈಕಾಲು ಚಾಚಿ ಕೂತಿತ್ತು. ಕೆಳಗಿಳಿದಂತೆ ಅಕ್ಷರಗಳ ಸಂಖ್ಯೆ ಹೆಚ್ಚು, ಗಾತ್ರ ಕಡಿಮೆ. ಆಸ್ತಿ ಪಾಲಾಗುತ್ತಾ ಬಂದ ಹಾಗೆ. “ವಾಯಿಕ್ಕೂ ಮಾಷೇ” ಎಂದರು ಡಾಕ್ಟರು. ನಾಲ್ಕನೆಯ ಸಾಲಿನವರೆಗೆ ಓದಿದೆ. ಐದನೆಯದರಲ್ಲಿ ಊಹಿಸತೊಡಗಿದೆ. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆಗಳನ್ನು ಊಹೆಯಿಂದಲೇ ಓದಿ ಮಾರ್ಕು ಹಾಕಿದವನಿಗೆ ಅದೇನು ದೊಡ್ಡ ಸಂಗತಿಯಲ್ಲ. ಡಾಕ್ಟರು ಮಾತ್ರ ಮಾರ್ಕು ಹಾಕಲಿಲ್ಲ. “ಕನ್ನಡದ್ದು ಇಲ್ಲವಾ?” ಎಂದು ಕೇಳಿದೆ, ತಪ್ಪು ಇಂಗ್ಲಿಷಿನದೇ ಇರಬಹುದೆಂಬ ಧಾಟಿಯಲ್ಲಿ. “ಉಂಟು, ಉಂಟು” ಎಂದು ಕಪಾಟಿನ ಹಿಂದಿನಿಂದ ಅಂಚು ಮಡಚಿದ ಒಂದು ರಟ್ಟನ್ನು ತೆಗೆದು ಧೂಳು ಕೊಡವಿದರು. ಅದರಲ್ಲೂ ಐದನೆಯ ಸಾಲಿಗೆ ನನ್ನ ಬಂಡವಾಳ ಮುಗಿಯಿತು. ಮಾತೃಭಾಷೆಯೆಂದು ಕಣ್ಣು ದಾಕ್ಷಿಣ್ಯ ತೋರಿಸುವುದಿಲ್ಲ.

ಆ ಇಂಗ್ಲಿಷ್ ಪಟ್ಟಿಯ ಮೂಲಪುರುಷ ಹಾಲೆಂಡಿನ ಕಣ್ಣಿನ ವೈದ್ಯ ಹರ್ಮನ್ ಸ್ನೆಲ್ಲೆನ್. 1862ರಲ್ಲಿ ಆತ ಮಾಡಿದ್ದು ಬಹಳ ಸರಳವಾದ ಉಪಾಯ. ಲೆಕ್ಕದ ಪುಸ್ತಕದ ಚೌಕಗಳ ಹಾಗೆ ಐದು ಮನೆ ಉದ್ದ, ಐದು ಮನೆ ಅಗಲದ ಒಂದು ಚೌಕ; ಅದರೊಳಗೆ ಅಕ್ಷರ. ಪ್ರತಿಯೊಂದು ಗೆರೆಯ ದಪ್ಪ ಸರಿಯಾಗಿ ಒಂದು ಮನೆ, ಅಂದರೆ ಎತ್ತರದ ಐದನೆಯ ಒಂದು ಪಾಲು. ಎತ್ತರದಷ್ಟೇ ಅಗಲ, ಗೋಡೆಯಂಥ ಗೆರೆ. ಅಂದವಾಗಿ ಕಾಣಲಿ ಎಂದು ಮಾಡಿದ್ದಲ್ಲ, ಕಾಣಲಿ ಎಂದಷ್ಟೇ ಮಾಡಿದ್ದು. ನಮ್ಮ ‘ಕ್ಷ’ವನ್ನೋ ‘ಋ’ವನ್ನೋ ಆ ಐದು ಮನೆಯ ಚೌಕಕ್ಕೆ ಹಾಕಿ ನೋಡಿ, ಮದುವೆಗೆ ಬಂದ ನೆಂಟರನ್ನು ಒಂದೇ ಆಟೋರಿಕ್ಷಾಕ್ಕೆ ತುಂಬಿಸಿದ ಹಾಗಾಗುತ್ತದೆ.

ಕನ್ನಡಕ ಬರಲು ಒಂದು ವಾರ ಹಿಡಿಯಿತು. ಆ ವಾರ ನನ್ನನ್ನು ಪೊರೆದದ್ದು ದಪ್ಪ ಅಕ್ಷರಗಳು. ಪೇಪರಿನಲ್ಲಿ ತಲೆಬರಹ ಮಾತ್ರ ಓದಿ, ಉಳಿದದ್ದನ್ನೂ ಓದಿದವನಂತೆ ಸಂಜೆ ಜಂಕ್ಷನಿನಲ್ಲಿ ಮಾತಾಡಿದೆ. ಯಾರಿಗೂ ಗೊತ್ತಾಗಲಿಲ್ಲ. ಅವರೂ ಅಷ್ಟೇ ಓದಿದ್ದರು.

ತೊಂದರೆಯಾದದ್ದು ಹೊಸ ಬಸ್‌ಸ್ಟ್ಯಾಂಡಿನಲ್ಲಿ. ಕಾಸರಗೋಡಿನಿಂದ ಮಂಗಳೂರಿಗೆ ಐವತ್ತು ಕಿಲೋಮೀಟರು. ಎರಡೂ ರಾಜ್ಯಗಳ ಸರಕಾರಿ ಬಸ್ಸುಗಳು ಓಡುತ್ತವೆ. ಹೆದ್ದಾರಿ ಒಂದೇ, ಜನ ಒಂದೇ, ಮೈಮೇಲಿನ ಇಂಗ್ಲಿಷ್ ಹ್ರಸ್ವಾಕ್ಷರಗಳು ಕೂಡ ಒಂದೇ: ಕೆ.ಎಸ್.ಆರ್.ಟಿ.ಸಿ. ಆ ಅಕ್ಷರಗಳು ಯಾರ ಮನೆಯವು ಎಂದು 2021ರಲ್ಲಿ ಎರಡು ರಾಜ್ಯಗಳ ನಡುವೆ ದೊಡ್ಡ ಮಾತುಕತೆಯೇ ಆಯಿತು. ನನ್ನಂಥವನಿಗೆ ಬಸ್ಸಿನ ಹಣೆಯ ಬೋರ್ಡೇ ಗತಿ. ಒಂದರಲ್ಲಿ ಕನ್ನಡದ ‘ಮಂಗಳೂರು’, ಇನ್ನೊಂದರಲ್ಲಿ ಮಲಯಾಳದ ‘ಮಂಗಲಾಪುರಂ’. ಹಲಗೆಯ ಅಳತೆ ಹೆಚ್ಚುಕಡಿಮೆ ಒಂದೇ. ‘ಮಂಗಳೂರು’ ನಾಲ್ಕೇ ಅಕ್ಷರವಾದ್ದರಿಂದ ಚಕ್ಕಳಮಕ್ಕಳ ಹಾಕಿ ಕೂತಿರುತ್ತದೆ. ‘ಮಂಗಲಾಪುರಂ’ ಭುಜ ಒಳಗೆಳೆದುಕೊಂಡು ನಿಂತಿರುತ್ತದೆ. ಕನ್ನಡಕವಿಲ್ಲದ ಆ ವಾರ ನಾನು ಅಕ್ಷರ ಓದಲಿಲ್ಲ, ಅಕ್ಷರಗಳು ಕೂತ ಭಂಗಿಯನ್ನೇ ನೋಡಿ ಬಸ್ಸು ಹತ್ತಿದೆ. ಒಮ್ಮೆ ಮಾತ್ರ ಅಷ್ಟೇ ಆರಾಮವಾಗಿ ಕೂತಿದ್ದ ನಾಲ್ಕಕ್ಷರವನ್ನು ನಂಬಿ ಹತ್ತಿದ ಬಸ್ಸು ಬೇರೆಯೇ ಊರಿನ ಕಡೆಗೆ ತಿರುಗಿತು.

ಈ ಕೂರುವ ಭಂಗಿಯ ವಿದ್ಯೆಯನ್ನು ನನಗೆ ಮೊದಲು ಹೇಳಿಕೊಟ್ಟವರು ಬದಿಯಡ್ಕದ ಕಡೆಯ ಒಬ್ಬ ಬೋರ್ಡು ಬರೆಯುವವರು. ನಮಗೆಲ್ಲ ಅವರು ಆರ್ಟಿಸ್ಟಣ್ಣ. ನಮ್ಮ ಶಾಲೆಯ ಗೋಡೆ, ಭಜನಾ ಮಂದಿರದ ಹಲಗೆ, ಕೂಲ್‌ಬಾರ್, ಜೀಪಿನ ಹಿಂಬದಿ, ಎಲ್ಲವೂ ಅವರ ಕೈಬರಹದ್ದೇ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಶಾಲೆಯ ಹೆಸರು ಬರೆಸಲು ಅವರನ್ನು ಕರೆದಿದ್ದೆವು. ದಾನಿಗಳ ಹೆಸರು ಕೂಡ ಇತ್ತು. 2018ರಲ್ಲಿ ರಿಷಬ್ ಶೆಟ್ಟರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಸಿನಿಮಾ ಬಂದಾಗ ಬೇರೆ ಊರಿನವರು ಎಂಥ ಹೆಸರು ಎಂದು ನಕ್ಕರು. ನಮಗೆ ನಗು ಬರಲಿಲ್ಲ. ಗಡಿಯಾರ, ಬೆಂಚು, ನೀರಿನ ಟ್ಯಾಂಕಿ ಎಲ್ಲದರ ಮೇಲೂ ‘ಕೊಡುಗೆ’ ಓದಿಯೇ ಬೆಳೆದವರು ನಾವು. ಕೆಲವು ಕಡೆ ಕೊಡುಗೆ ಅಳಿದುಹೋಗಿ ಕೊಟ್ಟವರ ಹೆಸರು ಮಾತ್ರ ಉಳಿದಿರುತ್ತದೆ. ದಪ್ಪ ಅಕ್ಷರದ ಶಕ್ತಿ ಅದು.

ಆರ್ಟಿಸ್ಟಣ್ಣ ಬಂದವರೇ ಗೋಡೆಯನ್ನು ಐದು ನಿಮಿಷ ಸುಮ್ಮನೆ ನೋಡಿದರು. ಬೀಡಿ ಮುಗಿಸಿದರು. ಚಾಕ್‌ಪೀಸಿನ ಪುಡಿ ಸವರಿದ ನೂಲನ್ನು ಎರಡು ಬದಿಯಿಂದ ಬಿಗಿಯಾಗಿ ಹಿಡಿಸಿ ನಡುವೆ ಎಳೆದು ಟಪ್ ಎಂದು ಬಿಟ್ಟರೆ ಗೋಡೆಯ ಮೇಲೆ ನೇರ ಗೆರೆ. ಹಾಗೆ ಎರಡು ಗೆರೆ. ಆಮೇಲೆ ಚೀಲದಿಂದ ತೆಗೆದದ್ದು ಮುಚ್ಚಳಗಳನ್ನು. ನಾಲ್ಕು ಲೀಟರಿನ ಪೈಂಟ್ ಡಬ್ಬಿಯದ್ದು, ಒಂದು ಲೀಟರಿನದ್ದು, ಕಾಲು ಲೀಟರಿನದ್ದು, ಕೊನೆಗೆ ಕೆಮ್ಮಿನ ಔಷಧದ ಬಾಟ್ಲಿಯದ್ದು. ದೊಡ್ಡ ಮುಚ್ಚಳ ಇಟ್ಟು ಸುತ್ತ ಪೆನ್ಸಿಲ್ ಎಳೆದರು, ಅದರೊಳಗೆ ಸಣ್ಣ ಮುಚ್ಚಳ ಇಟ್ಟು ಮತ್ತೊಂದು ಸುತ್ತು. ಎರಡು ವೃತ್ತಗಳ ನಡುವಿನ ಜಾಗವೇ ಗೆರೆಯ ದಪ್ಪ. ಒಂದಿಷ್ಟು ಒರೆಸಿ, ತಲೆಕಟ್ಟು ಇಟ್ಟರೆ ‘ರ’. ಎರಡು ವೃತ್ತ ಅಂಟಿಸಿದರೆ ‘ಅ’ ಆಗುವ ದಾರಿ ಹಿಡಿಯಿತು. ಅನುಸ್ವಾರಕ್ಕೆ ಕೆಮ್ಮಿನ ಔಷಧದ ಮುಚ್ಚಳ. ಎಡಗೈಯಲ್ಲಿ ತುದಿಗೆ ಬಟ್ಟೆ ಸುತ್ತಿದ ಕೋಲನ್ನು ಗೋಡೆಗೆ ಒರಗಿಸಿ, ಅದರ ಮೇಲೆ ಬಲಗೈಯ ಮಣಿಕಟ್ಟು ಇಟ್ಟು ಇನಾಮಲ್ ಪೈಂಟು ತುಂಬಿದರೆ ಕೈ ನಡುಗಿದರೂ ಅಕ್ಷರ ನಡುಗುವುದಿಲ್ಲ.

ನಾನು ಲೆಕ್ಕದ ಮಾಷ್ಟ್ರ ಗತ್ತಿನಲ್ಲಿ ಸ್ಕೇಲು ಹಿಡಿದು, “ನಿಮ್ಮ ‘ರ’ ಗೆರೆಯಿಂದ ಸ್ವಲ್ಪ ಹೊರಗೆ ಹೋಗಿದೆಯಲ್ಲ” ಎಂದೆ. ಆರ್ಟಿಸ್ಟಣ್ಣ ತಿರುಗಿ ನೋಡದೆ ಹೇಳಿದರು: “ಹೋಗಬೇಕು ಮಾಷ್ಟ್ರೇ. ಗುಂಡು ಅಕ್ಷರ ಗೆರೆಗೆ ಸರಿಯಾಗಿ ಮುಟ್ಟಿದರೆ ಕುಳ್ಳಗೆ ಕಾಣುತ್ತದೆ. ಕಣ್ಣಿಗೆ ಸರಿ ಕಾಣಬೇಕಾದರೆ ಅಳತೆ ಸ್ವಲ್ಪ ತಪ್ಪಬೇಕು.” ಅಡ್ಡಗೆರೆಯನ್ನೂ ಅವರು ಉದ್ದಗೆರೆಗಿಂತ ಒಂದು ಎಳೆ ತೆಳ್ಳಗೆ ಬರೆಯುತ್ತಿದ್ದರು, ಆಗಲೇ ಎರಡೂ ಸಮ ದಪ್ಪವೆಂದು ಕಣ್ಣು ಒಪ್ಪುತ್ತದಂತೆ. ಸ್ಕೇಲನ್ನು ನಾನು ಸದ್ದಿಲ್ಲದೆ ಜೇಬಿಗೆ ಹಾಕಿಕೊಂಡೆ.

ಎಷ್ಟೋ ವರ್ಷಗಳ ಬಳಿಕ ಪೌಲ್ ರೆನ್ನರ್ ಎಂಬ ಜರ್ಮನ್ ವಿನ್ಯಾಸಕಾರನ ಬಗ್ಗೆ ಓದುವಾಗ ನನಗೆ ನೆನಪಾದದ್ದು ಈ ಮುಚ್ಚಳಗಳು. 1927ರಲ್ಲಿ ಆತನ ‘ಫ್ಯೂಚುರಾ’ ಅಚ್ಚಿನ ಅಕ್ಷರ ಹೊರಬಂತು. ವೃತ್ತ, ತ್ರಿಕೋಣ, ಚೌಕ, ಇಷ್ಟರಿಂದಲೇ ಕಟ್ಟಿದಂತೆ ಕಾಣುವ ಅಕ್ಷರ; ಬಳ್ಳಿ ಇಲ್ಲ, ಬಾಲ ಇಲ್ಲ. ಹತ್ತಿರದಿಂದ ನೋಡಿದರೆ ಅಲ್ಲೂ ಕೈವಾರ ಹೇಳಿದ್ದೇ ಕೊನೆಯ ಮಾತಲ್ಲ. ಗುಂಡು ಗೆರೆಯನ್ನು ಕೂಡುವಲ್ಲೆಲ್ಲ ಕಣ್ಣಿನ ಸಮಾಧಾನಕ್ಕಾಗಿ ತೆಳ್ಳಗೆ ಮಾಡಿದ ಜಾಣತನ ಉಂಟು. 1969ರಲ್ಲಿ ಅಪೊಲೊ 11 ಚಂದ್ರನ ಮೇಲೆ ಬಿಟ್ಟು ಬಂದ ಫಲಕದ ಅಕ್ಷರಗಳು ಇದೇ ಫ್ಯೂಚುರಾದವು. ಗುಂಡಗಿನ ಚಂದ್ರನಿಗೆ ಗುಂಡಗಿನ ಅಕ್ಷರ. ಓದಲು ಜನವಿಲ್ಲ ಎಂಬುದೊಂದೇ ಕೊರತೆ. ಅದೇ 1969ರಲ್ಲಿ ಕೇರಳದ ಅಧಿಕೃತ ಭಾಷಾ ಕಾಯ್ದೆ ಬಂತು. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂಬ ಮಾತು ಅದರಲ್ಲಿ ಉಂಟು. ಇಲ್ಲಿ ಓದಲು ಜನ ಧಾರಾಳ. ಫಲಕದಲ್ಲಿ ಜಾಗ ಸಿಗುವುದೇ ಕಷ್ಟ.

ಜಾಗದ ಮಾತು ಬಂದಾಗಲೆಲ್ಲ ನನಗೆ ನಮ್ಮ ವಾಚನಾಲಯದ ಬೋರ್ಡು ನೆನಪಾಗುತ್ತದೆ. ಸಪ್ತಭಾಷೆಗಳ ಸಂಗಮಭೂಮಿ ಎಂದು ಭಾಷಣದಲ್ಲಿ ಹೇಳುವುದು ಸುಲಭ. ಏಳು ಭಾಷೆಯನ್ನು ನಾಲ್ಕಡಿ ಹಲಗೆಯಲ್ಲಿ ಬರೆಯುವವನ ಸಂಕಟ ಬೇರೆ. ಪುಣ್ಯಕ್ಕೆ ನಮ್ಮ ತುಳು ಕನ್ನಡದ ಲಿಪಿಯಲ್ಲೇ ಹೊಂದಿಕೊಂಡಿದೆ. ಅದರ ಹಳೆಯ ಲಿಪಿಗೆ ಯುನಿಕೋಡಿನಲ್ಲಿ ಜಾಗ ಸಿಕ್ಕಿದ್ದೇ 2024ರಲ್ಲಿ. ಸಮಿತಿಯವರು ಮೂರು ಭಾಷೆಗೆ ಇಳಿದರು. ಮೇಲೆ ಮಲಯಾಳ, ನಡುವೆ ಇಂಗ್ಲಿಷ್, ಕೆಳಗೆ ಉಳಿದಷ್ಟರಲ್ಲಿ ಕನ್ನಡ. ಉಳಿದದ್ದು ಆರು ಇಂಚು. ಆರ್ಟಿಸ್ಟಣ್ಣನಿಗೆ ಬೇಸರವಾಯಿತೇನೋ ಎಂದುಕೊಂಡರೆ ಅವರು ಪಟ್ಟಿಯ ಈ ತುದಿಯಿಂದ ಆ ತುದಿಯವರೆಗೆ ಗೇಣು ಹಾಕಿ ಅಳೆಯುತ್ತಿದ್ದರು. “ಎತ್ತರದಲ್ಲಿ ಕೊಡದಿದ್ದರೆ ಅಗಲದಲ್ಲಿ ತೆಗೆದುಕೊಳ್ಳಬೇಕು ಮಾಷ್ಟ್ರೇ” ಎಂದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅವರು ಮಲಗಿಸಿ ಓದಿದ್ದರು. ಅಕ್ಷರಗಳು ಕುಳ್ಳಗಾದವು, ಅಗಲವಾದವು, ದಪ್ಪವಾದವು. ಬರೆದು ಮುಗಿಸಿದಾಗ ರಸ್ತೆಯ ಆಚೆ ಬದಿಯಿಂದ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಕೆಳಗಿನ ಸಾಲು. ಸಮಿತಿಯ ಮಲಯಾಳಿ ಸದಸ್ಯರೊಬ್ಬರು ನೋಡಿ, “ಅದು ಕೊಳ್ಳಾಂ” ಎಂದು ಮೆಚ್ಚಿ, ಮುಂದಿನ ವರ್ಷ ಮೇಲಿನ ಸಾಲನ್ನೂ ಹಾಗೆಯೇ ಬರೆಸಿದರು. ಆಗ ಇಂಗ್ಲಿಷ್ ನಡುವೆ ಸಿಕ್ಕಿಹಾಕಿಕೊಂಡಿತು, ಇಬ್ಬರು ದಡೂತಿಗಳ ನಡುವೆ ಬಸ್ಸಿನಲ್ಲಿ ಕೂತ ತೆಳ್ಳಗಿನ ಹುಡುಗನ ಹಾಗೆ.

ದಪ್ಪಗಾಗುವುದು ಹೇಗೆ ಎಂಬುದರಲ್ಲೇ ಎಲ್ಲ ಇರುವುದು. ಗೆರೆ ದಪ್ಪವಾಗಲು ಎರಡೇ ದಾರಿ: ಒಳಗೆ ಬೆಳೆಯಬೇಕು ಅಥವಾ ಹೊರಗೆ ಬೆಳೆಯಬೇಕು. ಒಳಗೆ ಬೆಳೆದರೆ ಅಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ. ಹೊರಗೆ ಬೆಳೆದರೆ ಅಗಲ ಬೇಕು. ಆದ್ದರಿಂದಲೇ ಒಳ್ಳೆಯ ದಪ್ಪ ಅಕ್ಷರ ಅಗಲವಾಗಿಯೂ ಇರುತ್ತದೆ. ಕನ್ನಡದಲ್ಲಿ ಈ ಹೊಟ್ಟೆಯ ವಿಷಯ ಬಹಳ ಸೂಕ್ಷ್ಮ. ಒಂದನೆಯ ಕ್ಲಾಸಿನಲ್ಲೇ ನಾವು ‘ಹೊಟ್ಟೆ ಸೀಳಿದ ಷ’ ಎಂದು ಕಲಿಸುತ್ತೇವೆ. ಆ ಸೀಳು ಕಾಣದಿದ್ದರೆ ಷ ಹೋಗಿ ಪ ಆಗುತ್ತದೆ. ದ-ಧ, ಡ-ಢ, ಬ-ಭ ಇವುಗಳ ನಡುವಿನ ವ್ಯತ್ಯಾಸವೂ ಅಡಿಯಲ್ಲಿರುವ ಒಂದು ಸಣ್ಣ ಸೀಳೇ. ಮಹಾಪ್ರಾಣದ ಪ್ರಾಣವೆಲ್ಲ ಅಲ್ಲಿ ಉಂಟು. ಒಮ್ಮೆ ನಮ್ಮ ಹತ್ತಿರದ ದೇವಸ್ಥಾನದ ಉತ್ಸವಕ್ಕೆ ಉತ್ಸಾಹಿ ಹುಡುಗರೇ ಬ್ರಶ್ ಹಿಡಿದು ‘ಷಷ್ಠಿ ಮಹೋತ್ಸವ’ ಎಂದು ಬಟ್ಟೆಯ ಮೇಲೆ ಬರೆದಿದ್ದರು. ದಪ್ಪ ಕಾಣಲಿ ಎಂದು ಎರಡೆರಡು ಕೈ ಪೈಂಟು ಕೊಟ್ಟರು. ಸಂಜೆಯೊಳಗೆ ಸೀಳುಗಳೆಲ್ಲ ತುಂಬಿಕೊಂಡು ಅದು ‘ಪಪ್ಠಿ ಮಹೋತ್ಸವ’ ಆಗಿತ್ತು. ಭಕ್ತರು ಏನೂ ಕೇಳಲಿಲ್ಲ, ಊಟಕ್ಕೆ ಪಾಯಸ ಇದ್ದರೆ ಸಾಕು. ಆರ್ಟಿಸ್ಟಣ್ಣ ಮಾತ್ರ ನಿಂತು ನೋಡಿ ಹೇಳಿದರು: “ಅಕ್ಷರ ದಪ್ಪ ಮಾಡಲು ಯಾರಿಗೂ ಆದೀತು ಮಾಷ್ಟ್ರೇ. ಕಪ್ಪು ಬರೆಯುವುದರಲ್ಲಿ ಏನುಂಟು? ಹೊಟ್ಟೆಯೊಳಗೆ ಬಿಳಿ ಉಳಿಸಬೇಕು.”

ನಮ್ಮ ಅಕ್ಷರ ಹುಟ್ಟಿನಿಂದಲೇ ಗುಂಡು. ತಾಳೆಗರಿಯ ಮೇಲೆ ಕಂಟದಿಂದ ನೇರ ಗೆರೆ ಎಳೆದರೆ ಗರಿ ಸೀಳೀತೆಂದು ಹಿರಿಯರು ಬಾಗಿಸಿ ಬಾಗಿಸಿ ಬರೆದರು ಎನ್ನುತ್ತಾರೆ. ಮಲಯಾಳವೂ ಅದೇ ಗರಿಯ ಮೇಲೆ ಬೆಳೆದ ಹುಡುಗ. ಅಚ್ಚಿನ ಕಾಲಕ್ಕೂ ಇಬ್ಬರೂ ಒಂದೇ ಜಗಲಿಗೆ ಬಂದರು. ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟ ಶುರುವಾದದ್ದು 1841ರಲ್ಲಿ. ಅಲ್ಲಿಂದ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂತು. 1872ರಲ್ಲಿ ಹರ್ಮನ್ ಗುಂಡರ್ಟರ ಮಲಯಾಳ ನಿಘಂಟು, 1894ರಲ್ಲಿ ಕಿಟ್ಟೆಲರ ಕನ್ನಡ ನಿಘಂಟು, ಎರಡೂ ಅಚ್ಚಾದದ್ದು ಮಂಗಳೂರಿನಲ್ಲೇ. ಹೆಸರಿನಲ್ಲೇ ಗುಂಡು ಇಟ್ಟುಕೊಂಡವರು ಮಲಯಾಳದ ಗುಂಡು ಅಕ್ಷರಗಳ ನಡುವೆ ಜೀವ ತೇದದ್ದು ನನಗೆ ಯಾವಾಗಲೂ ಹಿತವಾಗಿ ಕಾಣುತ್ತದೆ.

ಅಣ್ಣತಮ್ಮಂದಿರ ದಾರಿ ಬೇರೆಯಾದದ್ದು ಒತ್ತಕ್ಷರದಲ್ಲಿ. ಟೈಪ್‌ರೈಟರಿಗೂ ಅಚ್ಚುಮೊಳೆಗೂ ಅನುಕೂಲವಾಗಲೆಂದು 1971ರಲ್ಲಿ ಕೇರಳ ತನ್ನ ಲಿಪಿಯನ್ನು ಸುಧಾರಿಸಿತು. ಕೂಡಿಕೊಂಡಿದ್ದ ಎಷ್ಟೋ ಅಕ್ಷರಗಳನ್ನು ಬಿಡಿಸಿ ಸಾಲಾಗಿ ಕೂರಿಸಿತು. ಕನ್ನಡ ತನ್ನ ಒತ್ತುಗಳನ್ನು ಬಿಡಲಿಲ್ಲ. ನಮ್ಮ ಅಕ್ಷರಕ್ಕೆ ಮನೆಯೊಂದೇ ಸಾಲದು, ನೆಲಮಾಳಿಗೆಯೂ ಬೇಕು. ‘ಕಾಸರಗೋಡು’, ‘ಕುಂಬಳೆ’, ‘ಅಡೂರು’ ಇವೆಲ್ಲ ಒಂದೇ ಅಂತಸ್ತಿನ ಸಾಧು ಹೆಸರುಗಳು. ‘ಉಪ್ಪಳ’, ‘ಬದಿಯಡ್ಕ’, ‘ಮುಳ್ಳೇರಿಯ’, ‘ಮಂಜೇಶ್ವರ’ ಇವುಗಳಿಗೆ ಕೆಳಗೊಂದು ಕೋಣೆ ಕಟ್ಟಿಸಲೇಬೇಕು. ಮೇಲಿನ ಅಕ್ಷರ ದಪ್ಪವಾದಷ್ಟೂ ಕೆಳಗಿನ ಒತ್ತು ಬಡವಾಗುತ್ತದೆ. ಬಸ್ಸಿನ ಕಂಡಕ್ಟರು “ಸ್ವಲ್ಪ ಒತ್ತಿ ಕೂತ್ಕೊಳ್ಳಿ” ಎಂದಾಗ ನಾನು ವ್ಯಾಕರಣವನ್ನೇ ನೆನೆಯುತ್ತೇನೆ: ಮೇಲಿನವನು ಸೊಂಟ ಸ್ವಲ್ಪ ಸರಿಸಿದರೆ ಮಾತ್ರ ಕೆಳಗಿನವನಿಗೆ ಉಸಿರು.

ಗುಂಡಕ್ಷರಗಳಲ್ಲಿ ಲೋಕಪ್ರಸಿದ್ಧಿ ಪಡೆದದ್ದು ನಾವು ಯಾರೂ ನಿರೀಕ್ಷಿಸದ ಒಂದು ಅಕ್ಷರ. ಕನ್ನಡದ ಒಂದು ಸೊಲ್ಲು ಬಾರದ ದೇಶಗಳ ಹುಡುಗರು ಮೊಬೈಲಿನಲ್ಲಿ ‘ಠ_ಠ’ ಎಂದು ಕಳಿಸುತ್ತಾರೆ. ಅವರಿಗೆ ಅದು ಅಕ್ಷರವಲ್ಲ, ಹುಬ್ಬು ಗಂಟಿಕ್ಕಿ ನೋಡುವ ಎರಡು ಕಣ್ಣು: ನಿನ್ನ ಮಾತು ನನಗೆ ಹಿಡಿಸಲಿಲ್ಲ ಎಂದು ಅರ್ಥ. ವೃತ್ತ, ನಡುವೆ ಚುಕ್ಕೆ, ಮೇಲೆ ತಲೆಕಟ್ಟು. ಮೂವತ್ತು ವರ್ಷ ನಾನು ಕ್ಲಾಸಿನ ಬಾಗಿಲಲ್ಲಿ ನಿಂತು ತಡವಾಗಿ ಬಂದವರನ್ನು ನೋಡುತ್ತಿದ್ದದ್ದು ಹೀಗೆಯೇ ಇರಬೇಕು ಎಂದು ಮೊಮ್ಮಗಳು ಹೇಳಿದ ಮೇಲೆ, ಠಕಾರವನ್ನು ಬರೆಯುವಾಗ ನನಗೆ ಕನ್ನಡಿ ನೋಡಿದ ಹಾಗಾಗುತ್ತದೆ.

ಅವಳೇ ನನಗೆ ಕಂಪ್ಯೂಟರಿನ ಅಕ್ಷರಗಳನ್ನು ಪರಿಚಯಿಸಿದವಳು. ನನ್ನ ಕಾಲಕ್ಕೆ ನುಡಿ, ಬರಹ ಎಂಬೆರಡು ತಂತ್ರಾಂಶಗಳ ಹೆಸರು ಕೇಳಿದ್ದೆ. ನಮ್ಮ ಮಂಗಳೂರ ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಕನ್ನಡಕ್ಕೆ ಕೀಲಿಮಣೆಯ ದಾರಿ ಮಾಡಿಕೊಟ್ಟರೆಂದೂ ತಮ್ಮ ತಂತ್ರಾಂಶಕ್ಕೆ ಪಂಡಿತ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟರೆಂದೂ ಗೊತ್ತಿತ್ತು. ಆದರೆ ಅಕ್ಷರಗಳಿಗೆ ನೆಂಟಸ್ತಿಕೆಯೂ ಇರುತ್ತದೆಂದು ಗೊತ್ತಿರಲಿಲ್ಲ. ಮುಂಬಯಿಯ ಏಕ್ ಟೈಪ್ ಎಂಬ ವಿನ್ಯಾಸಕಾರರ ಬಳಗ ‘ಬಾಲೂ’ ಎಂಬ ದಪ್ಪ, ಮೃದು, ದುಂಡು ಅಕ್ಷರಗಳ ಕುಟುಂಬವೊಂದನ್ನು ಮಾಡಿದೆ; ಯಾರೂ ಪುಕ್ಕಟೆ ಬಳಸಬಹುದು. ಬಾಲೂ ಎಂದರೆ ಕರಡಿ. ಒಂದೊಂದು ಲಿಪಿಯ ಕರಡಿಗೂ ಆ ಭಾಷೆಯ ಅಣ್ಣತಮ್ಮನ ಹೆಸರು: ತಮಿಳಿಗೆ ತಂಬಿ, ತೆಲುಗಿಗೆ ತಮ್ಮುಡು, ಪಂಜಾಬಿಗೆ ಪಾಜಿ, ಬಂಗಾಳಿಗೆ ದಾ. ಕನ್ನಡದ್ದು ‘ಬಾಲೂ ತಮ್ಮ’. ಮಲಯಾಳದ್ದು ‘ಬಾಲೂ ಚೇಟ್ಟನ್’, ಅಂದರೆ ಅಣ್ಣ.

ಇದನ್ನು ಕೇಳಿ ನಾನು ಒಂದು ಗಳಿಗೆ ಸುಮ್ಮನಾದೆ. ಮುಂಬಯಿಯಲ್ಲಿ ಕೂತವರಿಗೆ ಕಾಸರಗೋಡಿನ ಸಮಾಚಾರ ಯಾರು ಹೇಳಿದರು? 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಚಂದ್ರಗಿರಿ ಹೊಳೆಯ ಉತ್ತರದ ನೆಲ ಕರ್ನಾಟಕಕ್ಕೆ ಸಲ್ಲಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ ಆ ಮಾತನ್ನು ನೆನಪಿಸುತ್ತಲೇ ಇದ್ದರು. ಇಷ್ಟೆಲ್ಲ ಆದ ಮೇಲೆ ಕೊನೆಗೆ ಬೋರ್ಡಿನ ಮೇಲೆ ಯಾರು ಅಣ್ಣ, ಯಾರು ತಮ್ಮ ಎಂಬುದನ್ನು ಒಂದು ಕರಡಿ ತೀರ್ಮಾನಿಸಿತೇ? ಮೊಮ್ಮಗಳು ಸಮಾಧಾನ ಮಾಡಿದಳು: “ಅಜ್ಜ, ಮನೆಯಲ್ಲಿ ಸಣ್ಣವನಿಗೇ ಅಲ್ಲವಾ ಜಾಸ್ತಿ ಮುದ್ದು?” ತಮ್ಮ ಮತ್ತು ಚೇಟ್ಟನ್ ಒಂದೇ ಬೋರ್ಡಿನಲ್ಲಿ ಮೇಲೆ ಕೆಳಗೆ ಕೂತದ್ದನ್ನು ಮೊಬೈಲಿನಲ್ಲಿ ತೋರಿಸಿದಳು. ಒಂದೇ ತಾಯಿಯ ಮಕ್ಕಳೆಂದು ಯಾರಿಗೂ ಗೊತ್ತಾಗಬೇಕು. ಅದೇ ಕೆನ್ನೆ, ಅದೇ ಬೊಜ್ಜು.

ಅದೇ ಬಳಗದ ‘ಅನೇಕ್’ ಎಂಬ ಇನ್ನೊಂದು ಕುಟುಂಬ ಹತ್ತು ಲಿಪಿಗಳಲ್ಲಿ ಉಂಟು. ಅದರಲ್ಲಿ ದಪ್ಪವನ್ನೂ ಅಗಲವನ್ನೂ ಬೇಕಾದಷ್ಟು ಹೆಚ್ಚುಕಡಿಮೆ ಮಾಡಬಹುದು. ಸಾಮಾನ್ಯ ಅಗಲ ನೂರು ಎಂದಿಟ್ಟುಕೊಂಡರೆ ಎಪ್ಪತ್ತೈದಕ್ಕೆ ಕುಗ್ಗಿಸಬಹುದು, ನೂರ ಇಪ್ಪತ್ತೈದಕ್ಕೆ ಹಿಗ್ಗಿಸಬಹುದು. ಮೊಮ್ಮಗಳು ಗುಂಡಿಯನ್ನು ಬೆರಳಲ್ಲಿ ಸರಿಸಿದ ಹಾಗೆ ‘ಕಾಸರಗೋಡು’ ಉಪವಾಸದಿಂದ ಹಬ್ಬದೂಟಕ್ಕೆ ಬಂದಂತೆ ಉಬ್ಬಿತು. ನಾನು ನೋಡುತ್ತಿದ್ದದ್ದು ಹೊಟ್ಟೆಯನ್ನು. ಗೆರೆ ದಪ್ಪವಾಗುತ್ತಿದ್ದಂತೆ ಅಕ್ಷರ ಅಗಲಕ್ಕೆ ಸರಿದು ಒಳಗಿನ ಬಿಳಿಗೆ ಜಾಗ ಬಿಟ್ಟುಕೊಡುತ್ತಿತ್ತು. ಆರ್ಟಿಸ್ಟಣ್ಣನ ಮಾತನ್ನು ಯಾರೋ ಯಂತ್ರಕ್ಕೆ ಹೇಳಿಕೊಟ್ಟಿದ್ದರು.

ಇಷ್ಟು ಸುಲಭವಾದದ್ದೇ ತೊಂದರೆಯಾಯಿತು. ನಮ್ಮ ಯಕ್ಷಗಾನದಲ್ಲಿ ಬಣ್ಣದ ವೇಷ ಎಂಬುದೊಂದುಂಟು. ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಖದ ತುಂಬ ಅಕ್ಕಿಹಿಟ್ಟಿನ ಚಿಟ್ಟಿ, ತಲೆಯ ಮೇಲೆ ಚಕ್ರದಷ್ಟು ಅಗಲದ ಕಿರೀಟ. ತೆರೆಯ ಹಿಂದಿನಿಂದಲೇ ಅಬ್ಬರ. ತೆರೆ ಸರಿದಾಗ ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗಿಗೆ. ಅಂಥ ವೇಷ ರಂಗದ ಅರ್ಧವನ್ನು ಒಂದೇ ತುಂಬುತ್ತದೆ. ಆದರೆ ಇಡೀ ರಾತ್ರಿ ಬಣ್ಣದ ವೇಷಗಳೇ ಕುಣಿದರೆ ಜನ ಚಾಪೆ ಸುತ್ತುತ್ತಾರೆ. ದಪ್ಪ ಅಗಲ ಅಕ್ಷರ ಬಣ್ಣದ ವೇಷ. ಬಂದು, ಅಬ್ಬರಿಸಿ, ಹೆಸರು ಹೇಳಿ ಹೋಗಬೇಕು. ಕಥೆ ನಡೆಸಲು ಬೇರೆ ಪಾತ್ರಗಳಿರುತ್ತವೆ. ನನ್ನ ಅಳಿಯನೊಬ್ಬ ಮದುವೆ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ‘ಬಾಲೂ ತಮ್ಮ’ನಲ್ಲೇ ಮಾಡಿಸಿದ್ದ. ಮುಹೂರ್ತ, ಭೋಜನ, ಉಡುಗೊರೆ ಬೇಡ ಎಂಬುದು, ಎಲ್ಲವೂ ಒಂದೇ ಅಬ್ಬರದಲ್ಲಿ. ಓದಿ ಮುಗಿಸುವಾಗ ಗದರಿಸಿಕೊಂಡಂತಾಗಿ ನಾನು ಉಡುಗೊರೆ ತೆಗೆದುಕೊಂಡೇ ಹೋದೆ.

ಅಬ್ಬರಕ್ಕೆ ಸರಿಯಾದ ಜಾಗ ಚುನಾವಣೆಯ ಗೋಡೆ. ಕೇರಳದಲ್ಲಿ ಗೋಡೆಗೂ ಮುಂಗಡ ಬುಕಿಂಗ್ ಉಂಟು. ಅಭ್ಯರ್ಥಿ ಯಾರೆಂದು ಪಕ್ಷಕ್ಕೇ ಗೊತ್ತಾಗುವ ಮೊದಲು ಗೋಡೆಗೆ ಸುಣ್ಣ ಬಳಿದು, ಪಕ್ಷದ ಹೆಸರು ಬರೆದು ‘ಬುಕ್ಡ್’ ಎಂದು ಹಾಕಿರುತ್ತಾರೆ. ಆಮೇಲೆ ಹೆಸರು ಬರುತ್ತದೆ. ನಮ್ಮ ಕಡೆ ಮಲಯಾಳದಲ್ಲೂ ಕನ್ನಡದಲ್ಲೂ. ಮತ ಕೇಳುವ ಹದಿನೈದು ದಿನ ಕನ್ನಡಕ್ಕೆ ಮಲಯಾಳದಷ್ಟೇ ಅಗಲ, ಅಷ್ಟೇ ದಪ್ಪ, ಅಷ್ಟೇ ಬಣ್ಣ. ಮಳೆಗಾಲ ಕಳೆಯುವಾಗ ಎರಡೂ ಒಟ್ಟಿಗೆ ಪಾಚಿ ಹಿಡಿಯುತ್ತವೆ. ಸಮಾನತೆ ಎಂದರೆ ಇದೇ ಇರಬಹುದು.

ಕೊನೆಯದಾಗಿ ನನ್ನದೇ ಕಥೆ. ಮಗ ಮನೆ ಕಟ್ಟಿಸಿದ. ಮನೆಯೊಕ್ಕಲಿಗೆ ಗೇಟಿನಲ್ಲಿ ಹತ್ತಡಿಯ ಫ್ಲೆಕ್ಸು ಹಾಕಿಸುವ ಜವಾಬ್ದಾರಿ ಅಕ್ಷರಪ್ರೇಮಿಯಾದ ನನಗೆ ಬಂತು. ಆರ್ಟಿಸ್ಟಣ್ಣ ಕೋಲು ಕೆಳಗಿಟ್ಟು ವರ್ಷಗಳಾಗಿದ್ದವು. ಪೇಟೆಯ ಒಂದು ಫ್ಲೆಕ್ಸಿನಂಗಡಿಗೆ ಹೋದೆ. ಹುಡುಗನಿಗೆ ಕನ್ನಡ ಬಾರದು, ಒಳ್ಳೆಯ ಮನಸ್ಸು ಮಾತ್ರ ಧಾರಾಳ. ನಾನು ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಎತ್ತಿ ಯಂತ್ರಕ್ಕೆ ಹಾಕಿದ. ಅಕ್ಷರ ಯಾವುದು ಎಂದು ಕೇಳಿದಾಗ ನಾನು ಜಂಬದಿಂದ “ಬಾಲೂ ತಮ್ಮ” ಎಂದೆ. ಅವನು ಗೌರವದಿಂದ ನೋಡಿದ. ಸ್ವಲ್ಪ ಹೊತ್ತಿಗೆ ಮಾದರಿಯನ್ನು ಮೊಬೈಲಿಗೆ ಕಳಿಸಿ “ಇದು ಮದಿಯೋ ಮಾಷೇ?” ಎಂದ, ಸಾಕೇ ಎಂಬ ಅರ್ಥದಲ್ಲಿ. ಕನ್ನಡಕ ಮನೆಯಲ್ಲಿತ್ತು. ಅಕ್ಷರಗಳು ದಪ್ಪವಾಗಿ, ಅಗಲವಾಗಿ, ಸುಖವಾಗಿ ಕೂತಿದ್ದವು. “ಮದಿ, ಮದಿ” ಎಂದೆ.

ಒಕ್ಕಲಿನ ಬೆಳಿಗ್ಗೆ ಕನ್ನಡಕ ಹಾಕಿ ಗೇಟಿಗೆ ಹೋಗಿ ನೋಡಿದೆ. ಆ ಯಂತ್ರಕ್ಕೆ ನಮ್ಮ ನೆಲಮಾಳಿಗೆಯ ವ್ಯವಹಾರ ಗೊತ್ತಿರಲಿಲ್ಲ. ಒತ್ತುಗಳನ್ನೆಲ್ಲ ಮೇಲೆ ಎಳೆದು ಸಾಲಿನಲ್ಲಿ ನಿಲ್ಲಿಸಿತ್ತು. ಎರಡಡಿ ಎತ್ತರದ ಅಕ್ಷರಗಳಲ್ಲಿ ‘ಗೃಹಪ್‌ರವೇಶ’. ಅದರ ಕೆಳಗೆ, ಬಂದವರಿಗೆಲ್ಲ, ‘ಸುಸ್‌ವಾಗತ’. ತೆಳ್ಳಗಿನ ಅಕ್ಷರವಾಗಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ತಪ್ಪಿಗೂ ದಪ್ಪ ಅಕ್ಷರ ಅಷ್ಟೇ ನಿಷ್ಠೆಯಿಂದ ದುಡಿಯುತ್ತದೆ. ಹೆಂಡತಿಯ ಕಡೆಯ ಭಾವ ಓದಿ, “ಭಾವಾ, ಇದು ಸುಸ್ತಾಗಿ ಬಂದವರಿಗೆ ಬೇರೆಯೇ ಸ್ವಾಗತವಾ?” ಎಂದರು. ಇಡೀ ಊಟದ ಪಂಕ್ತಿಯಲ್ಲಿ ಪಾಯಸಕ್ಕಿಂತ ಹೆಚ್ಚು ಸಲ ಬಡಿಸಲ್ಪಟ್ಟದ್ದು ಆ ಮಾತು. ಹುಡುಗನನ್ನು ಬಯ್ಯುವಂತಿರಲಿಲ್ಲ. ಮದಿ ಎಂದವನು ನಾನು.

ಒಕ್ಕಲು ಮುಗಿದ ಮೇಲೆ ಫ್ಲೆಕ್ಸಿನ ನಿಜವಾದ ಆಯುಷ್ಯ ಶುರುವಾಗುತ್ತದೆ. ನಮ್ಮ ಕಡೆ ಯಾವ ಫ್ಲೆಕ್ಸೂ ಸಾಯುವುದಿಲ್ಲ. ಮಳೆಗೆ ಅಡಿಕೆ ಮುಚ್ಚುತ್ತದೆ, ದನದ ಹಟ್ಟಿಗೆ ಮರೆಯಾಗುತ್ತದೆ. ನಮ್ಮದು ಹಿತ್ತಿಲಲ್ಲಿ ಕಟ್ಟಿಗೆಯ ರಾಶಿಯ ಮೇಲೆ ಬಿದ್ದಿದೆ. ಮೊನ್ನೆ ಆಷಾಢದ ಮಳೆಯಲ್ಲಿ ಬೆಕ್ಕೊಂದು ಬಾಯಲ್ಲಿ ಮರಿ ಕಚ್ಚಿಕೊಂಡು ಬಂದು, ‘ಪ್’ ಮತ್ತು ‘ರ’ದ ನಡುವೆ ಫ್ಲೆಕ್ಸು ಮಡಚಿದ ಸಂದಿಯಲ್ಲಿ ಒಳಗೆ ನುಗ್ಗಿತು. ಇನ್ನೊಂದನ್ನು ತಂದಿತು. ಮತ್ತೊಂದನ್ನೂ ತಂದಿತು. ಸಂಜೆಯ ಹೊತ್ತಿಗೆ ಮೂರು ಮರಿಗಳ ಸಂಸಾರ ಒಳಗೆ ಬೆಚ್ಚಗಿತ್ತು.

ನಾನು ಜಗಲಿಯಲ್ಲಿ ಕೂತು ಕನ್ನಡಕ ತೆಗೆದು ಒರೆಸುತ್ತಿದ್ದೆ. ಹಾಗೆಯೇ ಆ ಕಡೆ ನೋಡಿದೆ. ಮಳೆಯ ಮಬ್ಬಿನಲ್ಲಿ ಸಾಲು ಬಿಟ್ಟ ಅಕ್ಷರಗಳು ಒಂದಕ್ಕೊಂದು ಒತ್ತಿ ಕೂತಿದ್ದವು. ಗೃಹಪ್ರವೇಶ ಎಂದೇ ಇತ್ತು.